ಧಕ್ಕೆಯ ಮೇಲೆ ಗಾಳ ಹಿಡಿದವರು

ನಾನು ಜನ್ಮದಲ್ಲಿ ಒಂದೂ ಮೀನು ಹಿಡಿದವನಲ್ಲ. ಹಿಡಿಯುವುದಿರಲಿ, ಮುಟ್ಟಿದವನೂ ಅಲ್ಲ. ತೇರದಾಳದ ಜೈನರ ಮನೆ ನಮ್ಮದು; ಹೊತ್ತು ಮುಳುಗುವುದರೊಳಗೆ ಉಂಡು ಕೈ ತೊಳೆದು, ಹುಳ ಬಿದ್ದೀತೆಂದು ದೀಪವನ್ನೂ ಬೇಗ ಆರಿಸುವ ಪೈಕಿ. ಆದರೂ ಕಲ್ಲಿನ ಧಕ್ಕೆಯ ಮೇಲೆ ಕೂತು ಹೊಳೆಯ ಮೀನನ್ನು ಹೇಗೆ ಹಿಡಿಯಬೇಕು ಅಂತ ಯಾರಾದರೂ ಕೇಳಿದರೆ ತಡವರಿಸದೆ ಹೇಳಬಲ್ಲೆ. ಬೆಳಿಗ್ಗೆ ಹೋದರೆ ಮೂಡಣ ಮಗ್ಗುಲಿಗೆ ಕೂಡಬೇಕು, ಸಂಜೆಯಾದರೆ ಪಡುವಣ ಮಗ್ಗುಲಿಗೆ. ನಮ್ಮ ನೆರಳು ಬೆನ್ನ ಹಿಂದೆ ಕಲ್ಲಿನ ಮೇಲೆ ಬೀಳಬೇಕೇ ಹೊರತು ನೀರಿನ ಮೇಲೆ ಬೀಳಬಾರದು. ಕಾಲು ಇಳಿಬಿಟ್ಟು ಅಲ್ಲಾಡಿಸಬಾರದು. ಜೋಳದ ಹಿಟ್ಟು ಗಟ್ಟಿಯಾಗಿ ನಾದಿ ಚಿಟಿಕೆ ಇಂಗು ಹಾಕಿದರೆ ಗೆಂಡೆ ಮೀನು ದೂರದಿಂದ ಬರುತ್ತದೆ. ಬಾಳೆ ಮೀನಿಗೆ ಹಿಟ್ಟು ನಡೆಯುವುದಿಲ್ಲ, ಅದಕ್ಕೆ ಎರೆಹುಳವೇ ಆಗಬೇಕು.

ಇದನ್ನೆಲ್ಲ ನನ್ನ ಕಿವಿಗೆ ಹಾಕಿದವರು ರಬಕವಿಯ ಒಬ್ಬ ನೇಕಾರರು. ಕೊರಳಲ್ಲಿ ಲಿಂಗ ಇದ್ದವರು, ಮನೆಯಲ್ಲಿ ಮೀನಿನ ಹೆಸರು ಸಹ ಎತ್ತದವರು. ಅವರು ಹೋದ ವಾರ ತೀರಿಕೊಂಡರಂತೆ. ಬನಹಟ್ಟಿಯಿಂದ ಬಂದಿದ್ದ ನೂಲಿನ ಅಂಗಡಿಯವನೊಬ್ಬ ಸುದ್ದಿ ಹೇಳಿದ, ನೂಲಿನ ದರ ಹೇಳುವ ದನಿಯಲ್ಲೇ. ನನಗೆ ಅವನ ಮೇಲೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಅವನಾದರೂ ಬೇರೆ ಯಾವ ದನಿಯಲ್ಲಿ ಹೇಳಬೇಕಿತ್ತು, ಅವನಿಗೆ ಅವರು ಒಬ್ಬ ಹಳೆಯ ಗಿರಾಕಿ ಅಷ್ಟೆ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಊರೆಲ್ಲ ಹಾಗೇ ಅನ್ನುತ್ತಿತ್ತು. ಇಲ್ಲಿಯೂ ಅಷ್ಟೇ ಸಾಕು.

ನಾನಾಗ ಸಂಸ್ಥಾನದ ಸುಂಕದ ನಾಕೆಯ ಕಾರಕೂನ. ರಬಕವಿಯಿಂದ ಕೃಷ್ಣೆಗೆ ಹೋಗುವ ದಾರಿ ಮುಗಿಯುವಲ್ಲಿ ಹಂಚಿನ ಒಂದು ಕೋಣೆ, ಒಂದು ಮೇಜು, ಒಂದು ಕಂದೀಲು, ಮತ್ತು ನಾನು. ಈಚೆ ದಂಡೆ ಸಂಸ್ಥಾನದ್ದು, ಆಚೆ ದಂಡೆ ಇಂಗ್ರೇಜಿಯವರದು. ದೋಣಿ ಹೋಗುವಾಗ ಸೀರೆಯ ಗಂಟು, ಬರುವಾಗ ನೂಲಿನ ಗಂಟು. ಎರಡಕ್ಕೂ ನಾನು ಸುಂಕ ಹಚ್ಚಬೇಕು. ದೋಣಿ ಕಟ್ಟುವುದಕ್ಕೆಂದು ಹೊಳೆಯೊಳಗೆ ಚಾಚಿದ ಹಾಗೆ ಕಲ್ಲಿನ ಉದ್ದ ಕಟ್ಟೆ ಕಟ್ಟಿಸಿದ್ದರು. ಅದನ್ನೇ ಜನ ಧಕ್ಕೆ ಅನ್ನುತ್ತಿದ್ದುದು. ಯುದ್ಧ ಶುರುವಾಗಿ ನೂಲು ಬರುವುದು ಕಡಿಮೆಯಾದ ಮೇಲೆ ದೋಣಿಯೂ ಬಡವಾಯಿತು, ನನಗೂ ಕೆಲಸ ಉಳಿಯಲಿಲ್ಲ. ಹೊಳೆ ನೋಡುವುದಕ್ಕೆ ಪಗಾರ ತೆಗೆದುಕೊಳ್ಳುತ್ತಿದ್ದೆ ಅಂದರೂ ಸುಳ್ಳಲ್ಲ.

ಅಂಥ ಒಂದು ಮಳೆಗಾಲದ ಬೆಳಿಗ್ಗೆ ಕಾಕಾ ಬಂದರು. ಎತ್ತರದ ಆಳು, ಮಗ್ಗದ ಕುಣಿಯಲ್ಲಿ ಕೂತು ಕೂತು ಬೆನ್ನು ಬಾಗಿತ್ತು. ಕೈಯಲ್ಲಿ ಬಿದಿರಿನ ಕೋಲು. ಸ್ನಾನಕ್ಕೆ ಬಂದವರೆಂದು ನಾನು ತಿಳಿದೆ. ಅವರು ಧಕ್ಕೆಯ ತುದಿಗೆ ಹೋಗಿ ರುಮಾಲು ಬಿಚ್ಚಿದರು. ಎದೆಯ ಮೇಲಿದ್ದ ಲಿಂಗದ ಕರಡಿಗೆಯನ್ನು ಎತ್ತಿ ನೆತ್ತಿಯ ಮೇಲಿಟ್ಟುಕೊಂಡು ಅದರ ಮೇಲೆ ರುಮಾಲು ಬಿಗಿದು ಸುತ್ತಿದರು. ಮೈಯಿಂದ ಲಿಂಗ ಅಗಲಿಸುವ ಹಾಗಿಲ್ಲ, ಮೀನಿನ ನೀರು ಅದಕ್ಕೆ ಸಿಡಿಯುವ ಹಾಗೂ ಇಲ್ಲ. ಆಮೇಲೆ ಕೂತು ಗಾಳ ಬಿಟ್ಟರು.

ನಾನು ಸುಮ್ಮನಿರುವ ಪೈಕಿ ಅಲ್ಲ. ಕೋಣೆಯಿಂದ ಎದ್ದು ಹೋಗಿ, ಏನ್ರಿ ಕಾಕಾ, ಜಾತಿ ಬದಲಾತೇನ ಅಂತ ಕೇಳಿದೆ. ಅವರು ತಿರುಗಿ ನೋಡದೆ, ‘ಇನ್ನೂ ಇಲ್ಲ ತಮ್ಮಾ. ಮೊದಲ ಮೀನ ಸಿಗಲಿ’ ಅಂದರು.

ಮೀನು ಸಿಗಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಕಾರಣ ಅವರ ಬಲಗೈ. ಜೀವಮಾನವೆಲ್ಲ ಮಗ್ಗದಲ್ಲಿ ಲಾಳಿಯ ಹಗ್ಗ ಜಗ್ಗಿದ ಕೈ ಅದು. ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಕೊಂಚ ಅಲುಗಿದರೆ ಸಾಕು, ಆ ಕೈ ತಾನಾಗಿಯೇ ಪಟಕ್ಕನೆ ಜಗ್ಗಿಬಿಡುತ್ತಿತ್ತು. ಮೀನು ಇನ್ನೂ ಹಿಟ್ಟಿನ ವಾಸನೆ ನೋಡುತ್ತಿರುವಾಗಲೇ ಗಾಳ ನೀರಿನಿಂದ ಮೇಲೆ ಹಾರಿ ಅವರ ಬೆನ್ನ ಹಿಂದೆ ಬೀಳುತ್ತಿತ್ತು. ಒಮ್ಮೆ ನನ್ನ ಧೋತರಕ್ಕೂ ಸಿಕ್ಕಿಕೊಂಡಿತು. ಕಡೆಗೆ ಅವರು ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಲ್ಲಿ ಕೋಲು ಹಿಡಿಯುವುದನ್ನು ಕಲಿತರು. ಮುಂದೆ ಯಾರಿಗೆ ಪಾಠ ಹೇಳಿದರೂ ಮೊದಲ ಮಾತು ಅದೇ ಇರುತ್ತಿತ್ತು: ‘ಮುಟ್ಟಿದ ಕೂಡ್ಲೆ ಜಗ್ಗಬ್ಯಾಡ. ಮೊದಲ ಮೂಗಿಲೆ ಕೇಳ್ತೈತಿ, ಆಮ್ಯಾಲೆ ತುಟೀಲೆ. ಬೆಂಡು ಅಡ್ಡ ಸರದು ಮುಳುಗಿದಾಗ ಖರೆ ಬಾಯಿ ಹಾಕೇತಿ ಅಂತ ತಿಳಿ.’

ಇಷ್ಟೆಲ್ಲ ಯಾತಕ್ಕೆ ಅನ್ನುವುದು ಬೇಗನೆ ತಿಳಿಯಿತು. ಕಾಕಿಗೆ, ಅಂದರೆ ಅವರ ಹೆಂಡತಿಗೆ, ಎದೆರೋಗ, ಕ್ಷಯ. ರೈಲು ಹತ್ತಿಸಿ ದೂರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿದ್ದರು. ಡಾಕ್ಟರು ಎದೆ ಬಡಿದು ನೋಡಿ, ಔಷಧಕ್ಕಿಂತ ಹೊಟ್ಟೆಗೆ ಬೀಳುವುದು ಮುಖ್ಯ, ಹೊಳೆ ದಂಡೆಯವರಲ್ಲವೇ, ದಿನಾಲೂ ಮೀನಿನ ಸಾರು ಕುಡಿಸಿರಿ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಣುವುದು ಕಷ್ಟ ಅಂದಿದ್ದರು. ಮನೆಗೆ ಬಂದು ಇವರು ಕೈಮುಗಿದು ಬೇಡಿಕೊಂಡಾಗ ಕಾಕಿ ಒಂದೇ ಒಂದು ಮಾತು ಹೇಳಿದರಂತೆ.

‘ಬ್ಯಾರೆಯವರ ಕೈಲೆ ಸತ್ತದ್ದು ನನಗ ಬ್ಯಾಡ್ರಿ. ನೀವ ಹಿಡದು ತಂದ್ರ ಕುಡೀತೀನಿ.’

ಅದು ಒಲ್ಲೆ ಅನ್ನುವುದಕ್ಕೆ ಆಕೆ ಹುಡುಕಿಕೊಂಡ ದಾರಿ. ಗಂಡ ಎಂಥವರು ಅಂತ ಆಕೆಗೆ ಗೊತ್ತಿತ್ತು. ಮಗ್ಗದ ಕುಣಿಯಲ್ಲಿ ಕಪ್ಪೆ ಬಂದು ಕೂತರೆ ಅದು ಎದ್ದು ಹೋಗುವ ತನಕ ನೇಯುವುದನ್ನು ನಿಲ್ಲಿಸುತ್ತಿದ್ದವರು. ಅಂಥವರು ಮೀನು ಕೊಲ್ಲುವುದುಂಟೇ. ಇವರು ಹಿಡಿಯುವುದಿಲ್ಲ, ತಾನು ಕುಡಿಯುವುದಿಲ್ಲ, ಇಬ್ಬರ ವ್ರತವೂ ಉಳಿಯಿತು ಅಂತ ಆಕೆಯ ಎಣಿಕೆ. ಆದರೆ ಮರುದಿನವೇ ಇವರು ಬಿದಿರು ಕಡಿದು, ಸೀರೆಯ ಅಂಚಿಗೆಂದು ಇಟ್ಟುಕೊಂಡಿದ್ದ ರೇಷ್ಮೆಯ ಎಳೆ ಹುರಿ ಮಾಡಿ, ಮೇಣ ತಿಕ್ಕಿ, ಹೊಳೆಗೆ ಬಂದಿದ್ದರು. ‘ಆಕಿಗಿ ನಾ ಗೊತ್ತಿದ್ದೆ ತಮ್ಮಾ. ಆದ್ರ ಪೂರಾ ಗೊತ್ತಿರಲಿಲ್ಲ’ ಅಂತ ನನ್ನ ಮುಂದೆ ಹೇಳಿ ನಕ್ಕರು. ಆ ನಗೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ದೋಣಿಯ ಅಂಬಿಗನ ಹೆಂಡತಿ ದುರ್ಗವ್ವನ ಗುಡಿಸಲು ಧಕ್ಕೆಯ ಪಕ್ಕದಲ್ಲೇ ಇತ್ತು. ಮಾತು ಒರಟು, ಕರುಳು ಮೆತ್ತಗೆ. ಕಾಕಾ ಹಿಡಿದದ್ದನ್ನು ಹೆಚ್ಚಿ ಕುದಿಸಿ ಕೊಡುವುದನ್ನು ಆಕೆ ಒಪ್ಪಿಕೊಂಡಳು. ಮೊದಲ ಮೀನು ಸಿಕ್ಕ ದಿನ ನನಗೆ ಚೆನ್ನಾಗಿ ನೆನಪಿದೆ. ಅಂಗೈಯಷ್ಟು ಒಂದು ಗೆಂಡೆ. ಕಾಕಾ ಅದನ್ನು ಕಲ್ಲಿನ ಮೇಲಿಟ್ಟು ಒದ್ದೆ ವಸ್ತ್ರ ಮುಚ್ಚಿ, ಬೆನ್ನು ತಿರುಗಿಸಿ ಕೂತರು. ವಸ್ತ್ರ ಅಲುಗುವುದು ನಿಂತ ಮೇಲೂ ಬಹಳ ಹೊತ್ತು ತಿರುಗಲಿಲ್ಲ. ದುರ್ಗವ್ವ ಬಂದು, ಅಪ್ಪಾರ, ಇನ್ನ ನನ್ನ ಕೆಲಸ ಬಿಡ್ರಿ ಅಂತ ಎತ್ತಿಕೊಂಡು ಹೋದಳು. ಹುರುಳಿ ಕಟ್ಟು, ಬೆಳ್ಳುಳ್ಳಿ, ಮೆಣಸು ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ತಂಬಿಗೆಯಲ್ಲಿ ಹಾಕಿ, ಮೇಲೆ ಎಲೆ ಮುಚ್ಚಿ ಕೊಟ್ಟಳು. ಕಾಕಾ ಅದನ್ನು ಹಿಡಿದುಕೊಂಡು ಊರ ಕಡೆ ನಡೆದರು, ತುಳುಕದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟು.

ಕಾಕಿ ತಂಬಿಗೆ ಮುಟ್ಟುವ ಮೊದಲು, ಇದು ನೀವೇ ಹಿಡಿದದ್ದೋ ಅಂತ ಕೇಳಿದರಂತೆ. ಇವರು ಹೌದು ಅಂದರಂತೆ. ಆಕೆ ಕಣ್ಣು ಮುಚ್ಚಿ ಕುಡಿದರಂತೆ. ಅಂದಿನಿಂದ ದಿನಾಲೂ ಅದೇ ಪ್ರಶ್ನೆ, ಅದೇ ಉತ್ತರ. ಸಿಗದ ದಿನ ಇವರು ಸಿಗಲಿಲ್ಲ ಅನ್ನುತ್ತಿದ್ದರು, ಆಕೆ ಬರೀ ಗಂಜಿ ಕುಡಿದು ಮಲಗುತ್ತಿದ್ದರು.

ಇಂಥ ಸಂಗತಿ ಊರಲ್ಲಿ ಮುಚ್ಚಿಡುವುದಕ್ಕೆ ಆಗುವುದಿಲ್ಲ. ಓಣಿಯವರು ಕಾಕಾನ ಮನೆಯ ನೀರು ಕುಡಿಯುವುದನ್ನೇ ಬಿಟ್ಟರು. ಜಂಗಮರಾದ ಅಯ್ಯನವರು ಭಿಕ್ಷೆಗೆ ಬರುವಾಗ ಆ ಬಾಗಿಲು ದಾಟಿ ಹೋಗತೊಡಗಿದರು. ನನಗೆ ಬಹಳ ಕೆಟ್ಟದೆನಿಸಿತು. ಕಾಕಾ ಮಾತ್ರ, ಹೋಗಲಿ ಬಿಡು, ಒಂದು ಹಿಡಿ ಹಿಟ್ಟು ಉಳಿಯಿತು, ಗೆಂಡೆ ಮೀನಿಗೆ ಆಗುತ್ತದೆ ಅಂದರು. ಅವರ ತಮಾಷೆ ಹಾಗೆಯೇ. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಒದ್ದಾಡಬೇಕು.

ಆ ಮಳೆಗಾಲ ಒಳ್ಳೆಯದಿತ್ತು. ಕೆಂಪು ನೀರು ಇಳಿದು ಹೊಳೆ ತಿಳಿಯಾಗುವ ದಿನಗಳಲ್ಲಿ ಧಕ್ಕೆಯ ಬುಡದಲ್ಲಿ ಮೀನು ದಂಡಿಯಾಗಿ ಬರುತ್ತದೆ. ಕಲ್ಲಿನ ಸಂದಿಯಿಂದ ಪಾಚಿ ತಿನ್ನುವುದಕ್ಕೆ ಸಣ್ಣವು ಬರುತ್ತವೆ, ಅವನ್ನು ತಿನ್ನುವುದಕ್ಕೆ ದೊಡ್ಡವು. ಅದಕ್ಕೇ ಗಾಳವನ್ನು ದೂರ ಎಸೆಯಬಾರದು, ಕಾಲ ಬುಡದಲ್ಲೇ ಇಳಿಬಿಡಬೇಕು. ಹೊಸಬರೆಲ್ಲ ಹೊಳೆಯ ನಡುವೆ ಎಸೆದು ದಿನ ಹಾಳು ಮಾಡಿಕೊಳ್ಳುತ್ತಾರೆ ಅಂತ ಕಾಕಾ ಹೇಳುತ್ತಿದ್ದರು. ದೀಪಾವಳಿಯ ಹೊತ್ತಿಗೆ ಕಾಕಿಯ ಕೆಮ್ಮು ತಗ್ಗಿತ್ತು. ಬಾಗಿಲಲ್ಲಿ ರಾಟಿಯ ಮುಂದೆ ಕೂತು ನೂಲು ಸುತ್ತುವಷ್ಟಾಗಿದ್ದರು. ನಾನು ಸಂತೆಗೆ ಹೋದಾಗ ನೋಡಿದೆ. ಗಲ್ಲದ ಮೇಲೆ ತುಸು ಮಾಂಸ ಬಂದಿತ್ತು. ನಾಕೆಯವರಲ್ಲವೇ, ಬರ್ರಿ, ಚಹಾ ಕುಡದು ಹೋಗ್ರಿ ಅಂತ ಕರೆದರು. ಓಣಿಯವರು ನೋಡುತ್ತಿದ್ದಾರೆಂದು ಗೊತ್ತಿದ್ದೂ ನಾನು ಕುಡಿದು ಬಂದೆ. ನಮ್ಮ ಮನೆಗೆ ತಿಳಿದು ಅವ್ವ ನನ್ನ ಬಟ್ಟಲನ್ನು ಬೇರೆ ಇಟ್ಟಳು, ಆ ಮಾತು ಬೇರೆ.

ಬೇಸಿಗೆ ಬಂತು. ನಮ್ಮ ಕಡೆಯ ಕೃಷ್ಣೆ ಬೇಸಿಗೆಯಲ್ಲಿ ಹೇಗೆ ಸರಿಯುತ್ತಾಳೆಂದು ಕಂಡವರಿಗೆ ಗೊತ್ತು. ನೀರು ಧಕ್ಕೆಯನ್ನು ಬಿಟ್ಟು ಆಚೆ ದಂಡೆಗೆ ಆತುಕೊಂಡಿತು. ಧಕ್ಕೆ ಉಸುಕಿನ ಮೇಲೆ ಒಣಗಿಕೊಂಡು ನಿಂತಿತು. ಅದರ ತುದಿಯಲ್ಲಿ ಮಾತ್ರ ಒಂದು ಸಣ್ಣ ಮಡು, ಬಾವಿಯಷ್ಟು ಅಗಲ, ಎದೆಯಷ್ಟು ಆಳ. ದೋಣಿ ಆಚೆ ಸರಿಯಿತು. ಅಂಬಿಗರು ನಡುಹೊಳೆಗೆ ಹೋಗಿ ಬಲೆ ಹಾಕಿ ತರುತ್ತಿದ್ದರು. ಕಾಕಾಗೆ ಈಜು ಬಾರದು, ಬಲೆ ಬೀಸಲು ಬಾರದು. ಆ ಮಡುವಿನಲ್ಲೇ ಗಾಳ ಇಳಿಬಿಟ್ಟು ಕೂಡುತ್ತಿದ್ದರು. ಮೊದಮೊದಲು ಒಂದೆರಡು ಸಿಕ್ಕವು. ಆಮೇಲೆ ಮಡು ಬರಿದಾಯಿತು. ಕಾಕಿ ಮತ್ತೆ ಹಾಸಿಗೆ ಹಿಡಿದರು. ಕೆಮ್ಮಿದರೆ ರಕ್ತ.

ದುರ್ಗವ್ವ ದಿನಾಲೂ ಒಂದು ಮೀನು ಎತ್ತಿ ತೋರಿಸುತ್ತಿದ್ದಳು. ಬಿಟ್ಟಿ ತಗೊಳ್ರಿ ಅನ್ನುತ್ತಿದ್ದಳು, ಆಮೇಲೆ ತಗೊಳ್ರಿ ಅಂತ ಬೈಯುತ್ತಿದ್ದಳು. ಕಾಕಾ ತಲೆ ಅಲ್ಲಾಡಿಸುತ್ತಿದ್ದರು. ಕಡೆಗೆ ನಾನೇ ವಾದಕ್ಕೆ ನಿಂತೆ. ನಮ್ಮ ಧರ್ಮದಲ್ಲಿ ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಹೂಂ ಅನ್ನುವುದು ಮೂರೂ ಒಂದೇ ತೂಕ. ನೀವು ಕೊಂದರೂ ಅಷ್ಟೇ ಪಾಪ, ಕೊಂಡರೂ ಅಷ್ಟೇ, ಹಾಗಿದ್ದ ಮೇಲೆ ಕೊಂಡುಕೊಂಡು ಹೋಗಿ ಆಕೆಯನ್ನು ಉಳಿಸಿಕೊಳ್ಳಿರಿ ಅಂದೆ. ಹುಟ್ಟಿದ್ದು ಜೈನನಾಗಿ, ಮೀನು ಕೊಳ್ಳಿರೆಂದು ಶಾಸ್ತ್ರ ಹೇಳುತ್ತಿದ್ದೆ. ಅವರು ಎಲ್ಲ ಕೇಳಿಕೊಂಡರು.

‘ಪಾಪದ ಮಾತಲ್ಲ ತಮ್ಮಾ. ಸಂಜೀಕ ಆಕಿ ಕೇಳ್ತಾಳ, ನೀವ ಹಿಡದದ್ದೇನ್ರಿ ಅಂತ. ಮದಿವ್ಯಾದಾಗಿಂದ ಆಕಿಗಿ ಒಂದು ಸುಳ್ಳು ಹೇಳಿಲ್ಲ. ಸಾಯೂ ಹೊತ್ತಿನ್ಯಾಗ ಶುರು ಮಾಡ್ಲೇನ?’

ಹೇಳಿಬಿಡ್ರಿ, ಏನಾಗತೈತಿ ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಎದ್ದು ಕೋಣೆಗೆ ಹೋಗಬೇಕಾಯಿತು.

ಕಾಕಿ ಆ ಬೇಸಿಗೆಯಲ್ಲೇ ಹೋದರು. ಆಮೇಲೆ ಕಾಕಾ ಗಾಳ ಮುಟ್ಟಲಿಲ್ಲ. ಆದರೆ ಧಕ್ಕೆಗೆ ಬರುವುದು ಬಿಡಲಿಲ್ಲ. ನೂಲು ಪೂರ್ತಿ ನಿಂತು ಮಗ್ಗಗಳೆಲ್ಲ ಸುಮ್ಮನಾದಾಗ ಎಷ್ಟೋ ಜನ ನೇಕಾರರು ಹೊಟ್ಟೆಗಿಲ್ಲದೆ ಕೋಲು ಹಿಡಿದು ಹೊಳೆಗೆ ಬಂದರು. ಮುಂಚೆ ಇವರ ಮನೆಯ ನೀರು ಬಿಟ್ಟವರೂ ಅದರಲ್ಲಿದ್ದರು. ಯಾರಿಗೂ ಇವರು ಒಲ್ಲೆ ಅನ್ನಲಿಲ್ಲ. ನೆರಳು ಹಿಂದೆ ಬೀಳಲಿ, ಬಲಗೈ ತೊಡೆಯ ಕೆಳಗಿರಲಿ, ಮಾತು ನಿಲ್ಲಲಿ ಅಂತ ಒಬ್ಬೊಬ್ಬರಿಗೂ ಕೂತು ಹೇಳಿಕೊಟ್ಟರು. ಅವರಿಗೆ ಮೀನು ಸಿಗುತ್ತಿತ್ತು. ಸಿಕ್ಕಾಗ ಇವರು ಎದ್ದು ಸ್ವಲ್ಪ ಆಚೆ ಹೋಗಿ ನಿಲ್ಲುತ್ತಿದ್ದರು. ಅಯ್ಯನವರೂ ಮತ್ತೆ ಆ ಬಾಗಿಲಿಗೆ ಬಂದರಂತೆ. ಕಾಕಾ ಹಿಡಿ ಹಿಟ್ಟು ಹಾಕಿ ಒಳಗೆ ಹೋದರಂತೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ಹೋಗಿ ನಾಕೆ ಮುಚ್ಚಿ ನನ್ನನ್ನು ಜಮಖಂಡಿಯ ಕಚೇರಿಗೆ ಹಾಕಿದರು. ಹೊರಡುವ ದಿನ ಹೇಳಿಬರಲು ಹೋದರೆ, ಬರ್ತೀಯಲ್ಲ ಅಂತ ಕೇಳಿದರು. ಬರ್ತೀನಿ ಅಂದೆ. ನಾನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರ ಬಗ್ಗೆ ಜನರಿಗೆ ಈಗ ನೆನಪಿರುವುದು ಆ ಪಾಠಗಳು ಮಾತ್ರ. ನನಗೆ ನೆನಪಿರುವುದು ಬೇರೆ. ಕಾಕಿ ಹೋದದ್ದರ ಹಿಂದಿನ ದಿನ.

ಅಂದು ಅವರು ಬೆಳಿಗ್ಗೆ ಬಂದವರು ಗಾಳ ಬಿಡಲಿಲ್ಲ. ನೇರ ದುರ್ಗವ್ವನ ಗುಡಿಸಲಿಗೆ ಹೋದರು. ರಾತ್ರಿಯೆಲ್ಲ ಕಾಕಿಗೆ ನಿದ್ದೆಯಿಲ್ಲ, ಕೈಕಾಲು ತಣ್ಣಗಾಗುತ್ತಿವೆ, ಒಂದು ಗುಟುಕು ಸಾರು ಒಳಗೆ ಹೋದರೆ ತಡೆದಾಳು ಅಂತ ಹೇಳಿ, ‘ಜೀವ ಇದ್ದದ್ದು ಒಂದು ಐತೇನಬೇ?’ ಅಂತ ಕೇಳಿದರು. ದುರ್ಗವ್ವನ ಕೊಡದಲ್ಲಿ ಒಂದು ಬಾಳೆ ಮೀನಿತ್ತು, ಮೊಳದುದ್ದದ್ದು, ಬೆಳಗಿನ ಬಲೆಯದು. ಅಂತೂ ಬುದ್ಧಿ ಬಂತಲ್ಲ ಅಂತ ಆಕೆ ಕೊಡದ ಸಮೇತ ಎತ್ತಿಕೊಂಡು ಹೊರಗೆ ಬಂದಳು. ನನಗೂ ಹಗುರಾಯಿತು.

ಅವರು ಕೊಡವನ್ನು ಧಕ್ಕೆಯ ತುದಿಗೆ ಒಯ್ದು ಇಟ್ಟರು. ರುಮಾಲು ಬಿಚ್ಚಿ ಕರಡಿಗೆಯನ್ನು ನೆತ್ತಿಯ ಮೇಲಿಟ್ಟು ಸುತ್ತಿಕೊಂಡರು. ಆ ಬಾಳೆ ಮೀನಿನ ಬಾಯಿಗೆ ತಮ್ಮ ಗಾಳ ಸಿಕ್ಕಿಸತೊಡಗಿದರು. ನಾನು ಓಡಿ ಹೋಗಿ ಏನು ಮಾಡುತ್ತಿದ್ದೀರಿ ಅಂದೆ. ಅವರ ಮುಖದ ಮೇಲೆ ಎಂಥದೋ ಗೆಲುವಿತ್ತು, ಕೂಡದ ಎಳೆ ಕೂಡಿಸಿದ ಹಾಗೆ.

‘ನೀರಿಗಿ ಬಿಟ್ಟು ಎತ್ತತೀನಿ ತಮ್ಮಾ. ಹೊಳಿಯಿಂದ ಎತ್ತಿದವ ನಾನಽ ಆದೆನಲ್ಲ. ನಾನಽ ಹಿಡದದ್ದು ಅಂತ ಹೇಳ್ತೀನಿ. ಸುಳ್ಳಾಗೂದಿಲ್ಲ.’

ಬ್ಯಾಡ್ರಿ ಅಂತ ನಾನು ಅನ್ನುವುದರೊಳಗೆ ಮೀನನ್ನು ಮಡುವಿಗೆ ಇಳಿಬಿಟ್ಟರು. ದಾರ ಬಿಗಿಯಿತು. ಬಲಗೈ ತೊಡೆಯ ಕೆಳಗಿರಲಿಲ್ಲ ಅಂದು. ಅದು ತನ್ನ ಅಭ್ಯಾಸದಂತೆ ಪಟಕ್ಕನೆ ಜಗ್ಗಿತು. ಗಾಳ ಬರಿದಾಗಿ ಮೇಲೆ ಬಂತು, ತುದಿಯಲ್ಲಿ ಮೀನಿನ ತುಟಿಯ ಚೂರೊಂದನ್ನು ಹಚ್ಚಿಕೊಂಡು.

ಮೀನು ಎಲ್ಲಿಗೂ ಹೋಗಲಿಲ್ಲ. ಹೋಗಲು ಆ ಮಡುವಿಗೆ ದಾರಿಯೇ ಇರಲಿಲ್ಲ. ತಿಳಿನೀರಲ್ಲಿ ಕಲ್ಲಿನ ಬುಡಕ್ಕೆ ಮೈ ಆನಿಸಿ ನಿಂತಿತ್ತು. ಅದರ ಬೆನ್ನು ನಮಗೆ ಮೂವರಿಗೂ ಕಾಣುತ್ತಿತ್ತು. ದುರ್ಗವ್ವ ಬಲೆ ತಂದಳು. ಕಾಕಾ ಆಕೆಯ ಕೈ ಹಿಡಿದು ತಡೆದರು. ಬಲೆಗೆ ಬಿದ್ದರೆ ಅದು ಮತ್ತೆ ಆಕೆ ಹಿಡಿದದ್ದೇ ಆಗುತ್ತಿತ್ತು. ಎರೆಹುಳ ಸಿಕ್ಕಿಸಿ ಗಾಳವನ್ನು ಮೀನಿನ ಮೂಗಿನ ಮುಂದೆ ಇಳಿಬಿಟ್ಟು ಕೂತರು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಹೊತ್ತು ತಿರುಗಿದ ಹಾಗೆ ತಾವೂ ಸರಿದು ಕೂತು ನೆರಳನ್ನು ನೀರಿಗೆ ಬೀಳಗೊಡಲಿಲ್ಲ. ಮೀನು ಹುಳವನ್ನು ನೋಡುತ್ತಿತ್ತು. ತುಟಿ ಹರಿದ ಮೀನು ಮತ್ತೆ ಬಾಯಿ ತೆರೆಯುವುದಿಲ್ಲವೆಂದು ನನಗೆ ಆಮೇಲೆ ಯಾರೋ ಹೇಳಿದರು. ಬಹುಶಃ ಅವರಿಗೆ ಆಗಲೇ ಗೊತ್ತಿತ್ತು. ಮಧ್ಯಾಹ್ನ ಓಣಿಯವರೊಬ್ಬರು ಬಂದು, ಕಾಕಿ ಕರೆಯುತ್ತಿದ್ದಾರೆ ಅಂತ ದೂರದಿಂದಲೇ ಕೂಗಿ ಹೇಳಿ ಹೋದರು. ಬಂದೆ ಅಂದರು. ಏಳಲಿಲ್ಲ.

ನಾನು ಕೋಣೆಗೆ ಹೋಗಲಿಲ್ಲ. ಹೊತ್ತು ಇಳಿಯುತ್ತಿತ್ತು, ಉಣ್ಣುವ ವೇಳೆ ಮೀರುತ್ತಿತ್ತು. ಒಂದು ಜೀವ ಬದುಕಿದರೆ ಸಂತೋಷಪಡಬೇಕೆಂದು ತೊಟ್ಟಿಲಲ್ಲೇ ಹೇಳಿಕೊಟ್ಟ ಮನೆ ನಮ್ಮದು. ಧಕ್ಕೆಯ ಅಂಚಿಗೆ ಮೊಣಕಾಲೂರಿ ಕೂತು, ಬಸದಿಯಲ್ಲಿ ಮುಗಿಯುವ ಹಾಗೆ ಎರಡೂ ಕೈ ಜೋಡಿಸಿ, ಕಚ್ಚು ಅಂತ ನಾನು ಆ ಮೀನನ್ನು ಬೇಡಿಕೊಂಡೆ. ಕತ್ತಲಾಗಿ ಅದರ ಬೆನ್ನು ಕಾಣದಾಗುವ ತನಕ ಬೇಡಿಕೊಂಡೆ. ಅದು ಕಚ್ಚಲಿಲ್ಲ.